ಎಳೆಯುವ ಮುನ್ನ ಅಳೆಯಿರಿ: ಅಪಘಾತವಾದ ಗಾಡಿಗಳ ಬಗ್ಗೆ ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಗುದ್ದಿಸಿಕೊಂಡ ಗಾಡಿಗಳ ಕುರಿತೇ ಇವೆ. ತುಮಕೂರಿಗೆ 48, ಕೋಲಾರಕ್ಕೆ 75, ಚಿಕ್ಕಬಳ್ಳಾಪುರಕ್ಕೆ 44 ಎಂದು ಮೂರೂ ಜಿಲ್ಲೆಗಳ ನಡುವೆ ರಾಷ್ಟ್ರೀಯ ಹೆದ್ದಾರಿ ಹಾದುಹೋಗಿದೆ. ಆರು ಪತ್ರಗಳಿಗೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಕ್ಯಾತ್ಸಂದ್ರದ ಹತ್ತಿರ ನಮ್ಮ ಹ್ಯಾಚ್‌ಬ್ಯಾಕ್ ಕಾರು ನಿಂತಿದ್ದ ಲಾರಿಗೆ ಹಿಂದಿನಿಂದ ಗುದ್ದಿ, ಎಡ ಮುಂಭಾಗ ಒಳಗೆ ಹೋಗಿದೆ. ‘ಚಾಸಿ ಬೆಂಡ್ ಆಗಿದೆ, ಮರಕ್ಕೆ ಕಟ್ಟಿ ಚೈನ್ ಬ್ಲಾಕಿನಲ್ಲಿ ಎಳೆದರೆ ಎರಡು ದಿನದಲ್ಲಿ ಸರಿಹೋಗುತ್ತೆ’ ಎಂದು ಟಿಂಕರಿಂಗ್ ಮೇಸ್ತ್ರಿ ಹೇಳುತ್ತಾರೆ. ಎಳೆಸಬಹುದೇ ಸಾರ್? (ಓದುಗರು, ತುಮಕೂರು)

ಎಳೆಸಬಹುದು. ಆದರೆ ಮರಕ್ಕೆ ಕಟ್ಟಿ ಬೇಡ, ಅಳತೆ ತೆಗೆಯದೆ ಅಂತೂ ಬೇಡವೇ ಬೇಡ.

ನಿಮ್ಮಂಥ ಕಾರಿಗೆ ಲಾರಿಯ ಹಾಗೆ ಬೇರೆ ಚಾಸಿ ಇರುವುದಿಲ್ಲ, ತಗಡಿನ ಬಾಡಿಯೇ ಚಾಸಿ. ಇದನ್ನು ಮಾನೊಕಾಕ್ ಎನ್ನುತ್ತಾರೆ. ಮೇಸ್ತ್ರಿಗಳು ಚಾಸಿ ಎಂದು ಕರೆಯುವುದು ಇಂಜಿನ್ನಿನ ಎರಡೂ ಪಕ್ಕದಲ್ಲಿ ಮುಂದಕ್ಕೆ ಚಾಚಿರುವ ಪೆಟ್ಟಿಗೆಯಾಕಾರದ ಸೈಡ್ ಮೆಂಬರನ್ನು. ಅದರ ಮೂತಿ ಸುಕ್ಕುಗಟ್ಟಿ ಪೆಟ್ಟು ನುಂಗಲೆಂದೇ ಮಾಡಿದ್ದು. ಮಿಕ್ಕ ಪೆಟ್ಟು ಏಪ್ರನ್ (ಚಕ್ರದ ಒಳಬದಿಯ ತಗಡು), ಸ್ಟ್ರಟ್ ಟವರ್ (ಮುಂದಿನ ಸಸ್ಪೆನ್ಷನ್ನಿನ ಮೇಲ್ತುದಿ ಕೂರುವ ಗೋಪುರ), ಫೈರ್‌ವಾಲ್ (ಇಂಜಿನ್ನಿಗೂ ಒಳಗೆ ಕೂತವರಿಗೂ ನಡುವಿನ ತಗಡು) ದಾಟಿ ಬಾಗಿಲಿನ ಕಂಬದವರೆಗೂ ಹರಿಯುತ್ತದೆ. ಹಾಗಾಗಿ ಮೊದಲು ಎಡ ಮುಂಬಾಗಿಲು ತೆರೆದು ಮುಚ್ಚಿ ನೋಡಿ. ತೆರೆದ ಕೂಡಲೇ ಬಾಗಿಲು ಜೋತುಬಿದ್ದರೆ, ಮುಚ್ಚುವಾಗ ಎತ್ತಿ ಮುಚ್ಚಬೇಕಾದರೆ, ಕೀಲಿನ ಕಂಬ ಹಿಂದಕ್ಕೆ ಸರಿದಿರುವ ಸಾಧ್ಯತೆ ಹೆಚ್ಚು. ಹಿಂದಿನ ಬಾಗಿಲ ಮೇಲಿನ ರೂಫ್ ತಗಡಿನಲ್ಲಿ ಸಣ್ಣ ಅಲೆ, ಫೈರ್‌ವಾಲ್ ಜೋಡಣೆಯಲ್ಲಿ ಒಡೆದ ಸೀಲರ್, ಸ್ಪಾಟ್ ವೆಲ್ಡಿನ (ಚುಕ್ಕಿ ಬೆಸುಗೆಯ) ಸುತ್ತ ಕೂದಲೆಳೆಯಷ್ಟು ಬಿರಿದ ಬಣ್ಣ, ಇವೆಲ್ಲ ಪೆಟ್ಟು ಹರಿದ ದಾರಿಯ ಗುರುತುಗಳು.

ಆಮೇಲೆ ಅಳತೆ. ಕಂಪನಿಯ ಬಾಡಿ ಡೈಮೆನ್ಶನ್ ಚಾರ್ಟ್ ಸಿಕ್ಕರೆ ಅದೇ ಪ್ರಮಾಣ. ಸಿಗುವ ತನಕ ಗಾರೆ ಮೇಸ್ತ್ರಿಯ ತೂಕದ ಗುಂಡು, ಸೀಮೆಸುಣ್ಣ, ದಾರ, ಸ್ಟೀಲ್ ಟೇಪು ಇದ್ದರೂ ಬಹಳಷ್ಟು ತಿಳಿಯುತ್ತದೆ. ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ಕಾರನ್ನು ನಾಲ್ಕು ಸ್ಟ್ಯಾಂಡಿಗೆ ಕೂರಿಸಿ. ಬಂಪರ್ ಬೀಮಿನ ಬೋಲ್ಟು, ಸಬ್‌ಫ್ರೇಮಿನ (ಮುಂದಿನ ಸಸ್ಪೆನ್ಷನ್ ಕೂರುವ ಕೆಳ ಚೌಕಟ್ಟಿನ) ಮುಂದಿನ ಮತ್ತು ಹಿಂದಿನ ಬೋಲ್ಟು, ನೆಲದಡಿಯ ಜಿಗ್ ತೂತು (ಬಾಡಿ ಜೋಡಿಸುವಾಗ ಹಿಡಿದಿಡಲು ಕಂಪನಿ ಬಿಟ್ಟದ್ದು), ಹಿಂದಿನ ಆಕ್ಸಲ್ ಬ್ರಾಕೆಟ್, ಹೀಗೆ ಎಡಬಲಕ್ಕೆ ಜೋಡಿಯಾಗಿರುವ ಬಿಂದುಗಳಿಂದ ಗುಂಡು ಇಳಿಬಿಡಿ. ತೂಗಾಟ ನಿಂತ ಮೇಲೆ ಅದರ ಮೊನೆಯ ಕೆಳಗೆ ನೆಲಕ್ಕೆ ಗುರುತು ಹಾಕಿ, ಕಾರು ಆಚೆ ಸರಿಸಿ. ಈಗ ಗಾಡಿಯ ನಕ್ಷೆ ನೆಲದ ಮೇಲಿದೆ. ಪ್ರತಿ ಜೋಡಿಯ ನಡುಬಿಂದು ಗುರುತಿಸಿ, ಹಿಂದಿನ ಎರಡು ನಡುಬಿಂದುಗಳ ಮೇಲೆ ದಾರ ಹಿಡಿದು ಮೂತಿಯವರೆಗೆ ಎಳೆಯಿರಿ. ನೆಟ್ಟಗಿರುವ ಗಾಡಿಯಲ್ಲಿ ಎಲ್ಲ ನಡುಬಿಂದುವೂ ಆ ದಾರದ ಕೆಳಗೇ ಬೀಳುತ್ತದೆ. ಎಲ್ಲಿಂದ ಅದು ದಾರ ಬಿಟ್ಟು ಪಕ್ಕಕ್ಕೆ ಸರಿಯುತ್ತದೋ ಅಲ್ಲಿಂದ ಬಾಗು ಶುರು. ಆಮೇಲೆ ಕರ್ಣಗಳನ್ನು ಅಳೆಯಿರಿ, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಕೆಲವು ಗಾಡಿಗಳಲ್ಲಿ ಎಡಬಲದ ತೂತುಗಳು ಕಂಪನಿಯಿಂದಲೇ ಸಮಾನವಾಗಿರುವುದಿಲ್ಲ, ಆದ್ದರಿಂದ ಕೊನೆಯ ಮಾತು ಚಾರ್ಟಿನದೇ. ಸಾಮಾನ್ಯವಾಗಿ 3 ಮಿಲಿಮೀಟರ್ ಒಳಗಿನ ವ್ಯತ್ಯಾಸ ಒಪ್ಪಬಹುದು.

ಗುಂಡು ಎತ್ತರದ ವ್ಯತ್ಯಾಸ ಹೇಳುವುದಿಲ್ಲ. ಅದಕ್ಕೆ ಮನೆ ಕಟ್ಟುವವರು ಬಳಸುವ ನೀರಿನ ಟ್ಯೂಬ್ ಸಾಕು. ಬಾನೆಟ್ಟಿನ ಕೆಳಗೆ ಇಂಜಿನ್ ಅಡ್ಡ ಬರುವುದರಿಂದ ಟೇಪು ಬಾಗುತ್ತದೆ, ಅಲ್ಲಿ ಟ್ರಾಮ್ ಗೇಜ್ (ಎರಡು ಮೊನೆಗಳಿರುವ ಉದ್ದ ಅಳತೆಗೋಲು) ಬೇಕು. ಒಂದೇ ಅಳತೆಯ ಎರಡು ತೂತುಗಳ ನಡುವೆ ಅಳೆಯುವಾಗ ಎರಡರದ್ದೂ ಒಂದೇ ಪಕ್ಕದ ಅಂಚಿಗೆ ಟೇಪು ಹಿಡಿಯಿರಿ. ನಡುವನ್ನು ಕಣ್ಣಂದಾಜಿನಲ್ಲಿ ಹುಡುಕಿದರೆ ಅಲ್ಲೇ 2 ಮಿಲಿಮೀಟರ್ ತಪ್ಪುತ್ತದೆ.

ಇನ್ನು ಎಳೆತ. ಮರಕ್ಕೆ ಚೈನು ಕಟ್ಟಿದರೆ ಗಾಡಿಯನ್ನು ಹಿಡಿದಿಡುವುದು ಯಾವುದು? ಹ್ಯಾಂಡ್‌ಬ್ರೇಕು, ಇಲ್ಲವೇ ಹಿಂದಿನ ಆಕ್ಸಲಿಗೆ ಕಟ್ಟಿದ ಹಗ್ಗ. ಆಗ ಎಳೆತ ಬಾಗಿದ ಜಾಗಕ್ಕೆ ಹೋಗದೆ, ಬಾಡಿಯಲ್ಲಿ ಎಲ್ಲಿ ಮೆತ್ತಗಿದೆಯೋ ಅಲ್ಲಿಗೆ ಹೋಗುತ್ತದೆ. ಬೆಂಚಿನ (ಬಾಡಿ ಹಿಡಿದು ಎಳೆಯುವ ಉಕ್ಕಿನ ಚೌಕಟ್ಟಿನ) ಮೇಲೆ ಬಾಗಿಲ ಕೆಳಗಿನ ಸಿಲ್ ಅಂಚನ್ನು ಕನಿಷ್ಠ ನಾಲ್ಕು ಕ್ಲ್ಯಾಂಪಿನಿಂದ ಕಚ್ಚಿಸಿರುತ್ತಾರೆ, ನಡುಭಾಗ ಅಲ್ಲಾಡುವುದಿಲ್ಲ. ಪೆಟ್ಟು ಬಂದ ದಿಕ್ಕಿಗೆ ಸರಿಯಾಗಿ ಎದುರು ದಿಕ್ಕಿನಲ್ಲಿ, ಕೊನೆಗೆ ಬಾಗಿದ್ದನ್ನು ಮೊದಲು ಬಿಡಿಸುತ್ತ ಎಳೆಯಬೇಕು. ಬದಲಿಸಬೇಕಾದ ಮೂತಿಯನ್ನು ಮೊದಲೇ ಕತ್ತರಿಸಿ ಎಸೆಯಬಾರದು. ಒಳಗಿನ ಸುಕ್ಕು ಬಿಡಿಸಲು ಹಿಡಿತ ಸಿಗುವುದು ಅದರಿಂದಲೇ. ಒರಟು ಎಳೆತ ಮುಗಿದ ಮೇಲೆ ಕತ್ತರಿಸಿ.

ಒಂದೇ ಸಲಕ್ಕೆ ಎಳೆದು ಮುಗಿಸುವ ಕೆಲಸ ಇದಲ್ಲ. ಸ್ವಲ್ಪ ಎಳೆದು, ಬಿಗಿಯಾಗಿ ಹಿಡಿದು, ಸುಕ್ಕಿನ ಸುತ್ತ ಮರದ ತುಂಡು ಇಟ್ಟು ಸುತ್ತಿಗೆಯಿಂದ ತಟ್ಟಿ, ಚೈನು ಸಡಿಲಿಸಿ, ಮತ್ತೆ ಅಳೆಯಬೇಕು. ಉಕ್ಕು ಬಿಟ್ಟ ಕೂಡಲೇ ಒಂದಿಷ್ಟು ಹಿಂದಕ್ಕೆ ಹೋಗುತ್ತದೆ, ಅದಕ್ಕೇ ಅಳತೆಗಿಂತ ಕೆಲವು ಮಿಲಿಮೀಟರ್ ಮುಂದಕ್ಕೆ ಎಳೆದು ಬಿಡುತ್ತಾರೆ. ಹೆಚ್ಚಾದರೆ ಹಿಗ್ಗಿದ ತಗಡನ್ನು ವಾಪಸು ತಳ್ಳಿ ಸರಿಪಡಿಸುವುದು ಬಲು ಕಷ್ಟ. ಎಳೆಯುವಾಗ ಚೈನಿನ ನೇರಕ್ಕೆ ಯಾರೂ ನಿಲ್ಲಬಾರದು, ಚೈನಿನ ಮೇಲೆ ದಪ್ಪ ಕಂಬಳಿ ಹೊದಿಸಿರಬೇಕು. ಕ್ಲ್ಯಾಂಪ್ ಕಳಚಿದರೆ ಬಂದೂಕಿನ ಗುಂಡಿನಂತೆ ಹಾರುತ್ತದೆ.

ಬಾಗಿದ್ದನ್ನು ನೆಟ್ಟಗೆ ಮಾಡಬಹುದು, ಮಡಚಿಕೊಂಡದ್ದನ್ನು ಬದಲಿಸಲೇಬೇಕು. ಕಾಗದ ಮಡಚಿದ ಹಾಗೆ ಚೂಪಾದ ಗೆರೆ ಬಿದ್ದಿದ್ದರೆ ಆ ಉಕ್ಕಿನ ಶಕ್ತಿ ಹೋದಂತೆಯೇ. ಮೂತಿಯಲ್ಲಿರುವ, ಪೆಟ್ಟು ನುಂಗುವ ಕ್ರ್ಯಾಶ್ ಬಾಕ್ಸನ್ನು ಎಂದೂ ತಟ್ಟಿ ಬಳಸಬೇಡಿ, ಹೊಸದೇ ಹಾಕಿಸಿ. ಸೈಡ್ ಮೆಂಬರಿನ ಮೇಲೆ ಕಂಪನಿಯವರೇ ಒತ್ತಿರುವ ಅಡ್ಡ ತಗ್ಗುಗಳನ್ನು ಡೆಂಟ್ ಎಂದುಕೊಂಡು ತುಂಬಿಸುವವರಿದ್ದಾರೆ, ‘ಸ್ಟ್ರಾಂಗ್ ಆಗಲಿ’ ಎಂದು ಮೇಲೊಂದು ಪಟ್ಟಿ ವೆಲ್ಡ್ ಮಾಡುವವರೂ ಇದ್ದಾರೆ. ಎರಡೂ ತಪ್ಪು. ಮುಂದಿನ ಸಲ ಆ ಮೂತಿ ಸುಕ್ಕಾಗದೆ ಪೆಟ್ಟನ್ನೆಲ್ಲ ನೇರ ಒಳಗೆ ಕೂತವರಿಗೆ ದಾಟಿಸುತ್ತದೆ.

ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಲು ಬಿಡಬೇಡಿ. ಈಗಿನ ಕಾರುಗಳಲ್ಲಿ ಹೈ ಸ್ಟ್ರೆಂತ್ ಉಕ್ಕು ಹೆಚ್ಚು. ಕೆಲವು ಮಾದರಿಗಳ ಬಾಗಿಲ ಕಂಬಗಳಲ್ಲಿ ಸುಮಾರು 1500 ಮೆಗಾಪ್ಯಾಸ್ಕಲ್ ತಡೆಯುವ ಬೋರಾನ್ ಉಕ್ಕು ಇರುತ್ತದೆ. ಕಾಯಿಸಿ ಅಚ್ಚಿನಲ್ಲೇ ತಣಿಸಿ ಬಂದ ಶಕ್ತಿ ಅದು. ಮತ್ತೆ ಕಾಯಿಸಿದರೆ ಆ ಶಕ್ತಿ ಇಳಿದುಹೋಗುತ್ತದೆ, ನೋಡಲು ಮಾತ್ರ ಹಾಗೇ ಇರುತ್ತದೆ. ಅಂಥ ಭಾಗ ಬಾಗಿದ್ದರೆ ಎಳೆಯುವ ಮಾತೇ ಇಲ್ಲ, ಬದಲಿಸಬೇಕು.

ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕಂಪನಿ ಹೇಳಿದಷ್ಟು ನಿಮಿಷ ಕಾದು, ಆಮೇಲೆ ಏರ್‌ಬ್ಯಾಗ್ ಕನೆಕ್ಟರ್ ತೆಗೆಯಬೇಕು. ಹಳೆಯ ಸ್ಪಾಟ್‌ಗಳನ್ನು ಸ್ಪಾಟ್ ಡ್ರಿಲ್ಲಿನಿಂದ ತೆಗೆದು, ಹೊಸ ಪ್ಯಾನಲ್ಲಿಗೆ 8 ಮಿಲಿಮೀಟರ್ ತೂತು ಕೊರೆದು, ನಡುವೆ ಸತುವಿನ ವೆಲ್ಡ್-ಥ್ರೂ ಪ್ರೈಮರ್ ಹಚ್ಚಿ, ಮಿಗ್ ವೆಲ್ಡಿಂಗಿನಲ್ಲಿ ತೂತು ತುಂಬಿಸುತ್ತಾರೆ. ತಂತಿ 0.8 ಮಿಲಿಮೀಟರಿನದು ಸರಿ. ನಮ್ಮ ಕಡೆ ಇದನ್ನೇ ಸಿಒಟು ವೆಲ್ಡಿಂಗ್ ಅನ್ನುವುದು. ಕಂಪನಿಯ ಸ್ಪಾಟ್‌ಗಳು ಎಷ್ಟಿದ್ದವೋ ಅದಕ್ಕಿಂತ ಕಡಿಮೆ ಇರಬಾರದು. ಕೆಲಸಕ್ಕೆ ಮುನ್ನ ಅದೇ ದಪ್ಪದ ಎರಡು ತಗಡಿನ ಚೂರು ಬೆಸೆದು, ಉಳಿಯಿಂದ ಸೀಳಿಸಿ ನೋಡಿ. ಬೆಸುಗೆ ಗಟ್ಟಿಯಿದ್ದರೆ ಅದು ಕೆಳಗಿನ ತಗಡನ್ನೇ ತೂತು ಮಾಡಿ ಕಿತ್ತುಕೊಂಡು ಬರುತ್ತದೆ. ಸುಮ್ಮನೆ ಬಿಟ್ಟುಕೊಂಡರೆ ಕರೆಂಟ್ ಸಾಲದು. ಕೊನೆಗೆ ಎಪಾಕ್ಸಿ ಪ್ರೈಮರ್, ಜೋಡಣೆಗೆ ಸೀಲರ್, ಪೆಟ್ಟಿಗೆಯ ಒಳಗೆ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ). ಈ ವ್ಯಾಕ್ಸ್ ಹೊರಗೆ ಕಾಣದ ಕೆಲಸವಾದ್ದರಿಂದ ಅದನ್ನೇ ಬಿಡುತ್ತಾರೆ. ವೆಲ್ಡ್ ಕಾವಿಗೆ ಒಳಗಿನ ಬಣ್ಣ ಸುಟ್ಟಿರುತ್ತದೆ, ತುಕ್ಕು ಅಲ್ಲಿಂದಲೇ ಹಿಡಿಯುತ್ತದೆ. ಎದುರು ನಿಂತು ಹಾಕಿಸಿ.

ಗಾಡಿ ತೆಗೆದುಕೊಳ್ಳುವಾಗ ಎಳೆಯುವ ಮೊದಲಿನ ಮತ್ತು ಆಮೇಲಿನ ಅಳತೆಗಳನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಅಳತೆ ಕೊಡಲಾಗದ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ.

ಪ್ರಶ್ನೆ: ಎಡಭಾಗ ರಿಪೇರಿ ಆದ ಮೇಲೆ ಕಾರು ಬಲಕ್ಕೆ ಎಳೆಯುತ್ತೆ. ಮೂರು ಸಲ ಅಲೈನ್‌ಮೆಂಟ್ ಮಾಡಿಸಿದೆ, ‘ಕ್ಯಾಂಬರ್ ಬರ್ತಿಲ್ಲ’ ಅಂತಾರೆ. ಕೊನೆಯ ಪ್ರಿಂಟ್ ಜೊತೆಗಿಟ್ಟಿದ್ದೇನೆ. (ಓದುಗರು, ಚಿಂತಾಮಣಿ)

ನಿಮ್ಮ ಪ್ರಿಂಟಿನಲ್ಲೇ ಉತ್ತರ ಇದೆ. ಕ್ಯಾಂಬರ್ ಎಂದರೆ ಮುಂದಿನಿಂದ ನೋಡಿದಾಗ ಚಕ್ರದ ಓರೆ, ಮೇಲ್ತುದಿ ಒಳಕ್ಕೆ ವಾಲಿದ್ದರೆ ಮೈನಸ್. ಎಡ ಕ್ಯಾಂಬರ್ ಮೈನಸ್ 1 ಡಿಗ್ರಿ 30 ಮಿನಿಟ್, ಬಲ ಮೈನಸ್ 20 ಮಿನಿಟ್. ಎಡ ಎಸ್‌ಎಐ 14 ಡಿಗ್ರಿ 10 ಮಿನಿಟ್, ಬಲ 13 ಡಿಗ್ರಿ. ಎಸ್‌ಎಐ ಎಂದರೆ ಸ್ಟೀರಿಂಗ್ ತಿರುಗುವ ಅಕ್ಷದ ಓರೆ. ಎರಡನ್ನೂ ಕೂಡಿಸಿ: ಎಡಕ್ಕೆ 12 ಡಿಗ್ರಿ 40 ಮಿನಿಟ್, ಬಲಕ್ಕೂ 12 ಡಿಗ್ರಿ 40 ಮಿನಿಟ್. ಮೊತ್ತ ಸಮ ಇರುವುದರಿಂದ ನಿಮ್ಮ ನಕಲ್ (ಚಕ್ರ ಕೂರುವ ಗಟ್ಟಿ ಕೊಂಡಿ) ಮತ್ತು ಸ್ಟ್ರಟ್ (ಸ್ಪ್ರಿಂಗ್ ಸಹಿತ ಶಾಕ್ ಅಬ್ಸಾರ್ಬರ್) ಬಾಗಿಲ್ಲ. ಅವು ಬಾಗಿದ್ದರೆ ಈ ಮೊತ್ತವೇ ಕೆಡುತ್ತಿತ್ತು. ಕ್ಯಾಂಬರ್ ಎಷ್ಟು ಇಳಿದಿದೆಯೋ ಎಸ್‌ಎಐ ಅಷ್ಟೇ ಏರಿದೆ. ಅಂದರೆ ಎಡ ಸ್ಟ್ರಟ್ ಟವರ್ ಇನ್ನೂ ಒಳಕ್ಕೇ ಇದೆ. ಸಬ್‌ಫ್ರೇಮ್ ಪಕ್ಕಕ್ಕೆ ಜರುಗಿದ್ದರೆ ಎರಡೂ ಬದಿಯ ಅಂಕಿಗಳು ಒಂದಕ್ಕೊಂದು ಎದುರಾಗಿ ಕೆಡುತ್ತಿದ್ದವು. ನಿಮ್ಮ ಬಲಗಡೆ ಸರಿಯಾಗಿಯೇ ಇದೆ.

ಲೋಯರ್ ಆರ್ಮಿನ (ಚಕ್ರವನ್ನು ಕೆಳಗಿನಿಂದ ಹಿಡಿದ ತೋಳಿನ) ಬಾಲ್ ಜಾಯಿಂಟಿನಿಂದ ಟವರಿಗೆ ಸುಮಾರು 600 ಮಿಲಿಮೀಟರ್ ಎತ್ತರ ಎಂದಿಟ್ಟುಕೊಂಡರೆ, 1 ಡಿಗ್ರಿಗೆ ಟವರ್ ಹತ್ತಿರ ಹತ್ತಿರ 10 ಮಿಲಿಮೀಟರ್ ಸರಿದಿರುತ್ತದೆ. ನಿಮ್ಮದು 1 ಡಿಗ್ರಿ 10 ಮಿನಿಟ್ ವ್ಯತ್ಯಾಸ, ಅಂದಾಜು 12 ಮಿಲಿಮೀಟರ್. ಇದು ಅಲೈನ್‌ಮೆಂಟ್ ಮೆಷಿನ್ನಿಗೆ ದಕ್ಕುವ ಕೆಲಸವಲ್ಲ. ಎರಡು ಟವರುಗಳ ನಡುವಿನ ಅಂತರ ಅಳೆಸಿ, ಚಾರ್ಟಿಗೆ ಹೋಲಿಸಿ, ಬೆಂಚಿಗೆ ವಾಪಸು ಹಾಕಿಸಿ. ಸ್ಟ್ರಟ್ಟಿನ ಬೋಲ್ಟ್ ತೂತನ್ನು ರಾವಿ ಉದ್ದ ಮಾಡಿ ಕ್ಯಾಂಬರ್ ತರುತ್ತೇವೆ ಎಂದರೆ ಒಪ್ಪಬೇಡಿ. ಪ್ರಿಂಟ್ ಹಸಿರಾಗುತ್ತದೆ, ಟವರ್ ಇದ್ದಲ್ಲೇ ಇರುತ್ತದೆ. ಕಾರು ಹೆಚ್ಚು ಪಾಸಿಟಿವ್ ಕ್ಯಾಂಬರ್ ಇರುವ ಕಡೆಗೆ ಎಳೆಯುತ್ತದೆ, ನಿಮಗೆ ಬಲಕ್ಕೆ ಎಳೆಯುತ್ತಿರುವುದು ಅದಕ್ಕೇ. ಬೆಂಚಿಗೆ ಹಾಕುವ ಮುನ್ನ ಮುಂದಿನ ಎರಡು ಚಕ್ರ ಅದಲುಬದಲು ಮಾಡಿ ಒಮ್ಮೆ ಓಡಿಸಿ. ಎಳೆತದ ದಿಕ್ಕು ಬದಲಾದರೆ ಟೈರಿನದೂ ಪಾಲಿದೆ ಎಂದು ತಿಳಿಯಿರಿ.

ಪ್ರಶ್ನೆ: ನಮ್ಮದು ಟೊಮ್ಯಾಟೊ ಹೊಡೆಯುವ ಪಿಕಪ್. ಲೋಡ್ ಇದ್ದಾಗ ಪಕ್ಕದಿಂದ ಟ್ರ್ಯಾಕ್ಟರ್ ಗುದ್ದಿತು. ಈಗ ಗಾಡಿ ಏಡಿ ನಡೆದಂಗೆ ಓರೆಯಾಗಿ ಹೋಗುತ್ತೆ. ಚಾಸಿಯಲ್ಲಿ ಒಂದು ಕಡೆ ಬಿರುಕೂ ಕಾಣುತ್ತೆ. ಪಟ್ಟಿ ಹೊಡೆಸಿ ವೆಲ್ಡ್ ಮಾಡಿಸಿದರೆ ಆಯ್ತಾ ಅಣ್ಣ? (ಓದುಗರು, ಶ್ರೀನಿವಾಸಪುರ)

ಓರೆ ನಡಿಗೆಗೆ ಚಾಸಿಯನ್ನೇ ದೂರುವ ಮೊದಲು ಹಿಂದಿನ ಪಟ್ಟಾ (ಪದರ ಪದರವಾದ ಸ್ಪ್ರಿಂಗ್) ನೋಡಿ. ಪಟ್ಟಾಗಳನ್ನು ಒಟ್ಟಿಗೆ ಹಿಡಿದಿರುವ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಮೇಲಿನ ತೂತಿನಲ್ಲಿ ಕೂತಿರುತ್ತದೆ. ಆ ಬೋಲ್ಟ್ ಕತ್ತರಿಸಿದ್ದರೆ ಆಕ್ಸಲ್ ಒಂದು ಬದಿಯಲ್ಲಿ ಹಿಂದಕ್ಕೆ ಜಾರುತ್ತದೆ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎಡಬಲ ಎರಡೂ ಕಡೆ ಅಳೆಯಿರಿ. ಸಮ ಬಾರದಿದ್ದರೆ ಸೆಂಟರ್ ಬೋಲ್ಟ್, ಯು ಬೋಲ್ಟ್, ಪಟ್ಟಾ ಬ್ರಾಕೆಟ್, ಈ ಕ್ರಮದಲ್ಲಿ ನೋಡುತ್ತ ಹೋಗಿ. ಸೆಂಟರ್ ಬೋಲ್ಟೇ ಕಾರಣವಾದರೆ ಅರ್ಧ ದಿನದಲ್ಲಿ ಮುಗಿಯುವ ಕೆಲಸ.

ಅದೆಲ್ಲ ಸರಿಯಿದ್ದು ಚಾಸಿಯ ಕರ್ಣಗಳು ಸಮ ಬರದಿದ್ದರೆ, ಏಣಿಯಂಥ ಚಾಸಿ ಚೌಕ ಬಿಟ್ಟು ವಜ್ರಾಕಾರಕ್ಕೆ ತಿರುಗಿದೆ ಎಂದರ್ಥ. ಎಳೆಯುವಾಗ ಕ್ಯಾಬಿನ್ ಮತ್ತು ಡೆಕ್ಕಿನ ಬೋಲ್ಟುಗಳನ್ನು ಸಡಿಲಿಸಿರಬೇಕು, ಇಲ್ಲವಾದರೆ ಚಾಸಿ ನೆಟ್ಟಗಾಗುವಾಗ ಕ್ಯಾಬಿನ್ ತಿರುಚಿಕೊಳ್ಳುತ್ತದೆ. ಎಳೆತ ತಣ್ಣಗಿರುವಾಗಲೇ ನಡೆಯಲಿ. ಮೊದಲು ತಿರುಚು, ಆಮೇಲೆ ವಜ್ರ, ಆಮೇಲೆ ಎತ್ತರ, ಕೊನೆಗೆ ಪಕ್ಕದ ಬಾಗು.

ಬಿರುಕಿನ ವಿಷಯ. ಮೇಲೆ ಒಂದು ಸಾಲು ವೆಲ್ಡ್ ಎಳೆದು ಬಣ್ಣ ಬಳಿದರೆ ಅದೇ ಜಾಗ ಮತ್ತೆ ಬಿರಿಯುತ್ತದೆ. ಬಿರುಕು ನಿಂತ ತುದಿಯಲ್ಲಿ 5–6 ಮಿಲಿಮೀಟರ್ ತೂತು ಕೊರೆದರೆ ಅದು ಮುಂದೆ ಓಡುವುದು ನಿಲ್ಲುತ್ತದೆ. ಬಿರುಕನ್ನು ಗ್ರೈಂಡರಿನಲ್ಲಿ ‘ವಿ’ ಆಕಾರಕ್ಕೆ ತೆಗೆದು, ಒಣಗಿಸಿದ 7018 ವೆಲ್ಡಿಂಗ್ ರಾಡಿನಿಂದ ತಳದಿಂದ ತುಂಬಿಸಿ, ಮೇಲ್ಮೈ ನುಣ್ಣಗೆ ಉಜ್ಜಬೇಕು. ಆಮೇಲೆ ಬಲಪಟ್ಟಿ. ದಪ್ಪ ಚಾಸಿಯಷ್ಟೇ ಇರಲಿ, ಹೆಚ್ಚು ಬೇಡ. ಎರಡೂ ತುದಿ ಓರೆಯಾಗಿ ಕತ್ತರಿಸಿರಬೇಕು. ಚಾಸಿಗೆ ಅಡ್ಡಡ್ಡಲಾಗಿ ನೇರ ತುದಿ ಇಟ್ಟು ವೆಲ್ಡ್ ಮಾಡಿದರೆ ಮುಂದಿನ ಬಿರುಕು ಆ ಗೆರೆಯಲ್ಲೇ ಹುಟ್ಟುತ್ತದೆ. ಮೇಲಿನ ಮತ್ತು ಕೆಳಗಿನ ಮಡಿಕೆಗಳಿಗೆ ತೂತು ಕೊರೆಯಬೇಡಿ, ಅವುಗಳ ಅಂಚಿಗೆ ವೆಲ್ಡ್ ಮುಟ್ಟಿಸಬೇಡಿ. ಭಾರವೆಲ್ಲ ಹೊರುವುದು ಅವೇ.

ಬಿರುಕಿಗೆ ಟ್ರ್ಯಾಕ್ಟರ್ ಒಂದೇ ಕಾರಣವಾಗಿರಲಿಕ್ಕಿಲ್ಲ. ಒಂದೂವರೆ ಟನ್ನಿನ ಗಾಡಿಗೆ 15 ಕೆಜಿ ಲೆಕ್ಕದ ಕ್ರೇಟು 100 ಹಾಕಿದರೆ ಹಣ್ಣಿನ ತೂಕವೇ 1500 ಕೆಜಿ, ಖಾಲಿ ಕ್ರೇಟಿನ ತೂಕ ಬೇರೆ. ನಿಮ್ಮ ಆರ್‌ಸಿಯಲ್ಲಿರುವ ತೂಕ ನೋಡಿ ಕ್ರೇಟು ಎಣಿಸಿ. ಇನ್ನೊಂದು ಮಾತು: ಕೇಸು ದಾಖಲಾಗಿದ್ದರೆ ಬ್ರೇಕ್ ಇನ್‌ಸ್ಪೆಕ್ಟರ್ ನೋಡಿ ಹೋಗುವ ತನಕ, ವಿಮೆ ಕ್ಲೈಮ್ ಇದ್ದರೆ ಸರ್ವೇಯರ್ ಬಂದು ಹೋಗುವ ತನಕ ಒಂದು ನಟ್ಟನ್ನೂ ಬಿಚ್ಚಿಸಬೇಡಿ.

ಪ್ರಶ್ನೆ: ಏರ್‌ಬ್ಯಾಗ್ ಎರಡೂ ಒಡೆದಿವೆ. ಹೊಸದು ದುಬಾರಿ, ಡ್ಯಾಶ್‌ಬೋರ್ಡ್ ಮುಚ್ಚಿ ಮೀಟರಿನಲ್ಲಿ ಲೈಟ್ ಆರಿಸಿ ಕೊಡ್ತೀವಿ ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. (ಓದುಗರು, ಗೌರಿಬಿದನೂರು)

ದಯವಿಟ್ಟು ಬೇಡ. ಅವರು ಮಾಡುವುದಿಷ್ಟು: ಬ್ಯಾಗಿನ ಜಾಗದಲ್ಲಿ ಒಂದು ಸಣ್ಣ ರೆಸಿಸ್ಟರ್ ಸಿಕ್ಕಿಸಿ, ಬ್ಯಾಗ್ ಇದೆ ಎಂದು ಇಸಿಯುವಿಗೆ (ಗಾಡಿಯ ಎಲೆಕ್ಟ್ರಾನಿಕ್ ನಿಯಂತ್ರಕಕ್ಕೆ) ನಂಬಿಸುತ್ತಾರೆ. ಮುಂದಿನ ಸಲ ಗುದ್ದಿದಾಗ ಅಲ್ಲಿಂದ ಏನೂ ಬರುವುದಿಲ್ಲ. ಬ್ಯಾಗ್ ಒಡೆದಿದೆ ಎಂದರೆ ಎರಡು ಬ್ಯಾಗಿನ ಜೊತೆಗೆ ಸೀಟ್ ಬೆಲ್ಟಿನ ಪ್ರಿಟೆನ್ಶನರ್ (ಗುದ್ದಿದಾಗ ಬೆಲ್ಟ್ ಬಿಗಿಯುವ ಸಾಧನ) ಕೂಡ ಬಹುಮಟ್ಟಿಗೆ ಮುಗಿದಿರುತ್ತದೆ. ಅದನ್ನು, ಸ್ಟೀರಿಂಗಿನ ಕ್ಲಾಕ್ ಸ್ಪ್ರಿಂಗನ್ನು (ತಿರುಗುವ ಸ್ಟೀರಿಂಗಿಗೆ ವಿದ್ಯುತ್ ಒಯ್ಯುವ ಸುರುಳಿ ತಂತಿಯನ್ನು), ಏರ್‌ಬ್ಯಾಗ್ ಇಸಿಯುವನ್ನು ಕಂಪನಿಯ ಸೂಚನೆಯಂತೆ ಪರೀಕ್ಷಿಸಿ ಬದಲಿಸಬೇಕು. ಮುಂದಿನ ಪ್ಯಾನಲ್ಲಿಗೆ ಸೆನ್ಸರ್ ಇದ್ದರೆ ಅದರ ಬ್ರಾಕೆಟ್ ನೆಟ್ಟಗೆ ಕೂತಿದೆಯೇ ನೋಡಿ. ಓರೆಯಾದ ಸೆನ್ಸರ್ ಪೆಟ್ಟಿನ ದಿಕ್ಕನ್ನು ತಪ್ಪಾಗಿ ಓದುತ್ತದೆ. ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡು ಹತ್ತಿ ಆರಬೇಕು. ಹತ್ತುವುದೇ ಇಲ್ಲವಾದರೆ ದೀಪವನ್ನೇ ಕತ್ತರಿಸಿದ್ದಾರೆ.

ಪ್ರಶ್ನೆ: ನಾಲ್ಕೂವರೆ ವರ್ಷದ ಕಾರು, ಐಡಿವಿ (ವಿಮೆಯಲ್ಲಿ ಗಾಡಿಗೆ ಕಟ್ಟಿದ ಮೌಲ್ಯ) 4 ಲಕ್ಷ. ಎಸ್ಟಿಮೇಟ್ 3 ಲಕ್ಷ 20 ಸಾವಿರ ಬಂದಿದೆ. ‘ಟೋಟಲ್ ಲಾಸ್’ ಮಾಡುತ್ತೇವೆ ಎಂದು ವಿಮೆ ಕಂಪನಿಯವರು ಹೇಳುತ್ತಾರೆ. ನಮಗೆ ಗಾಡಿ ಉಳಿಸಿಕೊಳ್ಳುವ ಆಸೆ. (ಓದುಗರು, ಶಿರಾ)

ಎಳೆದು ತರುವ ಖರ್ಚೂ ಸೇರಿ ರಿಪೇರಿ ವೆಚ್ಚ ಐಡಿವಿಯ ಶೇ. 75 ದಾಟಿದರೆ ಟೋಟಲ್ ಲಾಸ್ (ರಿಪೇರಿ ಬದಲು ಗಾಡಿಯ ಮೌಲ್ಯದ ಲೆಕ್ಕ ಚುಕ್ತಾ ಮಾಡುವುದು) ಎಂಬುದು ಪಾಲಿಸಿಯ ನಿಯಮ. ನಿಮಗೆ ಆ ಗೆರೆ 3 ಲಕ್ಷ. ಗೆರೆಯ ಕೆಳಗೆ ತರಲೆಂದು ಎಸ್ಟಿಮೇಟಿನಿಂದ ಸೈಡ್ ಮೆಂಬರ್, ಬೆಲ್ಟ್, ಬ್ಯಾಗ್ ತೆಗೆಸಿ ಗಾಡಿ ಉಳಿಸಿಕೊಳ್ಳುವುದು ಅಪಾಯದ ಉಳಿತಾಯ. ಸಾಮಾನ್ಯ ಪಾಲಿಸಿಯಲ್ಲಿ ರಿಪೇರಿಗೆ ಹೋದರೂ ಪೂರ್ತಿ ಹಣ ಬರುವುದಿಲ್ಲ: 4ರಿಂದ 5 ವರ್ಷದ ಗಾಡಿಯ ಲೋಹದ ಭಾಗಗಳಿಗೆ ಶೇ. 35, ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಏರ್‌ಬ್ಯಾಗಿಗೆ ಶೇ. 50 ಕಡಿತ. ಗಾಜಿಗೆ ಕಡಿತ ಇಲ್ಲ. ಚಾಸಿ ಎಳೆಯುವ ಕೂಲಿ ಲೇಬರ್ ಆದ್ದರಿಂದ ಅದಕ್ಕೂ ಕಡಿತ ಬಾರದು, ಬಿಲ್ಲಿನಲ್ಲಿ ಅದನ್ನು ಬೇರೆ ಸಾಲಾಗಿ ಬರೆಸಿ. ಟೋಟಲ್ ಲಾಸ್ ಒಪ್ಪಿದರೆ ಗುಜರಿಗೆ ಹೋಗುವ ಗಾಡಿಯ ಆರ್‌ಸಿಯನ್ನು ಹಾಗೇ ಯಾರ ಕೈಗೂ ಕೊಡಬೇಡಿ. ಮತ್ತೆ ಬಳಸಲಾಗದಂತೆ ನಾಶವಾದ ಗಾಡಿಯ ಬಗ್ಗೆ ಮಾಲೀಕರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಹೇಳುತ್ತದೆ. ಆರ್‌ಸಿ ಮತ್ತು ಚಾಸಿ ನಂಬರಿನ ತುಂಡು ಕದ್ದ ಗಾಡಿಯವರ ಕೈ ಸೇರಿದರೆ ಕೇಸು ನಿಮ್ಮ ಹೆಸರಿಗೆ ಬರುತ್ತದೆ.

ಪ್ರಶ್ನೆ: ಸೆಕೆಂಡ್‌ಹ್ಯಾಂಡ್ ಕಾರು ನೋಡಲು ಹೋಗುತ್ತಿದ್ದೇನೆ. ಗುದ್ದಿದ ಗಾಡಿ ಎಂದು ಪತ್ತೆ ಹಚ್ಚುವುದು ಹೇಗೆ? (ಓದುಗರು, ತಿಪಟೂರು)

ಬಣ್ಣ ನೋಡಬೇಡಿ, ಬೋಲ್ಟು ನೋಡಿ. ಬಾನೆಟ್ ಕೀಲು, ಫೆಂಡರ್, ಮುಂದಿನ ಪ್ಯಾನಲ್ಲಿನ ಬೋಲ್ಟ್ ತಲೆಗಳ ಬಣ್ಣ ಕೆತ್ತಿದ್ದರೆ ಅವನ್ನು ಬಿಚ್ಚಿದ್ದಾರೆ. ಸೀಟ್ ಬೆಲ್ಟನ್ನು ಬುಡದವರೆಗೆ ಎಳೆದು ಚೀಟಿ ಓದಿ, ಕಾರಿಗಿಂತ ಹೊಸ ವರ್ಷ ಇದ್ದರೆ ಯಾಕೆಂದು ಕೇಳಿ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಕೆಳಗಿನ ತಗಡಿಗೆ ಬೆರಳಾಡಿಸಿ. ಕಂಪನಿಯ ಸೀಲರ್ ಒಂದೇ ಸಮನೆ ಹರಿದಿರುತ್ತದೆ, ಕೈಯಲ್ಲಿ ಬಳಿದದ್ದು ಗಂಟುಗಂಟಾಗಿ ಸಿಗುತ್ತದೆ. ಚಾಸಿ ನಂಬರ್ ಒತ್ತಿರುವ ಜಾಗದ ಸುತ್ತ ವೆಲ್ಡ್ ಗೆರೆ ಕಂಡರೆ ಬೆಲೆ ಎಷ್ಟೇ ಕಮ್ಮಿಯಿರಲಿ, ವಾಪಸು ಬನ್ನಿ. ಕೊನೆಗೆ ರಸ್ತೆಗೆ ಒಂದು ಬಕೆಟ್ ನೀರು ಚೆಲ್ಲಿ, ಅದರ ಮೇಲೆ ಕಾರನ್ನು ನೇರವಾಗಿ ಮೆಲ್ಲಗೆ ಓಡಿಸಲು ಹೇಳಿ, ಒದ್ದೆ ಗುರುತು ನೋಡಿ. ಮುಂದಿನ ಮತ್ತು ಹಿಂದಿನ ಚಕ್ರದ ಅಗಲದಲ್ಲಿ ಕಂಪನಿಯಿಂದಲೇ ಸ್ವಲ್ಪ ವ್ಯತ್ಯಾಸ ಇರಬಹುದು, ಆದರೆ ಅದು ಎಡಬಲ ಎರಡೂ ಕಡೆ ಒಂದೇ ಸಮ ಇರಬೇಕು. ಹಿಂದಿನ ಗುರುತು ಎರಡೂ ಬದಿಯಲ್ಲಿ ಒಂದೇ ಪಕ್ಕಕ್ಕೆ ವಾಲಿದ್ದರೆ ಹಿಂದಿನ ಆಕ್ಸಲ್ ಅಥವಾ ಬಾಡಿ ನೆಟ್ಟಗಿಲ್ಲ.